ಎಣ್ಣೆ ಹೊಡೆಯುವವರಿಗೆ ಹೇಳುವುದು ಹೇಗೆ? ನಿಮ್ಮ ಹೊಲದಲ್ಲಿ ಏನು ಮಾಡುತ್ತೀರಿ?

ಎರೆಹೊಲದ ಅಕ್ಕ (ಸಿರವಾರ)

ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮದು ರಾಯಚೂರು ಜಿಲ್ಲೆ, ಸಿರವಾರ ಕಡೆ. ನಾಲ್ಕು ಎಕರೆ ಹತ್ತಿ, ಕಾಲುವೆ ನೀರು ಕೊನೆಯವರೆಗೆ ಬಂದ ವರ್ಷ ಎರಡು ಎಕರೆ ಭತ್ತ. ಮನೆಯವರು ಲಾರಿ ಓಡಿಸುತ್ತಾರೆ, ತಿಂಗಳಿಗೆ ಎರಡು ಸಲ ಮನೆಗೆ ಬಂದರೆ ಹೆಚ್ಚು. ಹಾಗಾಗಿ ಹೊಲ ಪೂರ್ತಿ ನನ್ನ ಮೇಲೆ. ಬೀಜ ಯಾವುದು, ಆಳು ಯಾರು, ಎಣ್ಣೆ ಯಾವಾಗ, ಎಲ್ಲಾ ನಾನೇ. (ಬೆಂಗಳೂರು ಕಡೆಯವರಿಗೆ ಒಂದು ಮಾತು: ಇಲ್ಲಿ ಎಣ್ಣೆ ಅಂದರೆ ಕೀಟನಾಶಕ. ನೀವು ಅಂದುಕೊಂಡ ಎಣ್ಣೆ ಅಲ್ಲ.)

ನಮ್ಮ ಹೊಲಕ್ಕೆ ಹತ್ತು ವರ್ಷದಿಂದ ಒಬ್ಬರೇ ಎಣ್ಣೆ ಹೊಡೆಯುವುದು. ರಕ್ತಸಂಬಂಧ ಏನಿಲ್ಲ, ಊರ ವರಸೆಯಲ್ಲಿ ನನಗೆ ಮಾವ ಆಗಬೇಕು. ಅವರ ಹೆಂಡತಿ, ಅವರನ್ನು ಅತ್ತೆ ಅನ್ನುತ್ತೇನೆ, ಕೊಡದಲ್ಲಿ ನೀರು ತಂದು ಎಣ್ಣೆ ಕಲಸಿ ಪಂಪು ತುಂಬಿಸುತ್ತಾರೆ. ಅಳತೆಗೆ ಬಾಟಲಿಯ ಮುಚ್ಚಳ. ಕಲಸುವುದಕ್ಕೆ ಬರಿಗೈ.

ಹೋದ ವರ್ಷ ಸೆಪ್ಟೆಂಬರ್. ಮಳೆ ಹೋಗಿ ಬಿಸಿಲು ಬಿದ್ದಿತ್ತು. ಹತ್ತಿ ಎದೆಮಟ್ಟ, ಜಿಗಿ ನುಸಿ ಎರಡೂ ಜಾಸ್ತಿ. ಅಂಗಡಿಯವರು ಎರಡು ಬಾಟಲಿ ಕೊಟ್ಟು "ಎರಡೂ ಕೂಡಿಸಿ ಹೊಡೀರಿ, ಒಂದೇ ಸಲಕ್ಕೆ ಸಾಫ್ ಆಗ್ತದ" ಅಂದರು. ಮಧ್ಯಾಹ್ನ ಒಂದರ ಹೊತ್ತಿಗೆ ಇಪ್ಪತ್ತೊಂದನೇ ಟ್ಯಾಂಕು ನಡೆದಿತ್ತು. ಪಂಪಿನ ಮುಚ್ಚಳದ ವಾಷರ್ ಸವೆದು, ಬಗ್ಗಿದಾಗಲೆಲ್ಲ ಬೆನ್ನ ಮೇಲೆ ಇಳಿಯುತ್ತಿತ್ತು. ಅದು ನನಗೂ ಗೊತ್ತಿತ್ತು. ನಾಳೆ ಹಾಕಿಸಿದರಾಯಿತು ಅಂತ ಬಿಟ್ಟಿದ್ದೆ.

ಮಾವ ಬದುವಿನ ಮೇಲೆ ಕೂತುಬಿಟ್ಟರು. ಬೆವರು ಅಂದರೆ ಬೆವರು, ಅಂಗಿ ಹಿಂಡಬಹುದಿತ್ತು. ಬಾಯಲ್ಲಿ ಜೊಲ್ಲು. "ಬಿಸಿಲು ಬಡಿದದ" ಅಂದರು ಪಕ್ಕದ ಹೊಲದವರು. ಒಬ್ಬರು ಮಜ್ಜಿಗೆ ಕುಡಿಸಿದರು, ಒಬ್ಬರು ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಇದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ವಾಂತಿ ಶುರುವಾದ ಮೇಲೆ ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಓಡಿದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ಯಾವ ಎಣ್ಣೆ?"

ನಾನು "ಹುಳದ ಎಣ್ಣೆ ಸರ್" ಅಂದೆ.

ಆ ಉತ್ತರ ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ. ಪಿಯುಸಿ ಓದಿದವಳು ನಾನು. ಬಾಟಲಿಗಳು ಹೊಲದಲ್ಲಿ ಬೇವಿನ ಮರದ ಬುಡದಲ್ಲಿದ್ದವು. ಹುಡುಗ ವಾಪಸ್ ಹೋಗಿ ತಂದ. ಒಂದರ ಚೀಟಿ ನೀರು ಬಿದ್ದು ಅಳಿಸಿಹೋಗಿತ್ತು.

ಮಾವ ಉಳಿದರು. ನಾಲ್ಕು ದಿನಕ್ಕೆ ಮನೆಗೆ ಬಂದರು. ಅತ್ತೆ ನನ್ನ ಬೈಯಲಿಲ್ಲ. ಒಂದೇ ಮಾತು ಅಂದರು: "ಮೈಗೆ ಹತ್ತಿದ್ರೂ ಹಿಂಗ ಆಗ್ತದಂತ ಯಾರೂ ಹೇಳ್ಲೇ ಇಲ್ಲಲ್ಲ ಯವ್ವಾ. ಕುಡದ್ರ ಸಾಯ್ತಾರ ಅಂತಷ್ಟ ಗೊತ್ತಿತ್ತು."

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಅದೇ ಜುಲೈನಲ್ಲಿ ಊರಿನ ಹನುಮಪ್ಪನ ಗುಡಿ ಕಟ್ಟೆಯಲ್ಲಿ ಒಂದು ಕಂಪನಿಯವರು ತರಬೇತಿ ಮಾಡಿದ್ದರು. ಟೋಪಿ ಕೊಟ್ಟರು, ಮಾಸ್ಕ್ ಕೊಟ್ಟರು, ಹಿಂದಿ ವಿಡಿಯೋ ತೋರಿಸಿದರು. ಮೂವತ್ತು ಜನ ಕೂತಿದ್ದೆವು. ಮೂವತ್ತೂ ಹೊಲದ ಮಾಲೀಕರು! ಎಣ್ಣೆ ಹೊಡೆಯುವವರು ಆ ಹೊತ್ತಿಗೆ ನಮ್ಮ ನಮ್ಮ ಹೊಲದಲ್ಲೇ ಎಣ್ಣೆ ಹೊಡೆಯುತ್ತಿದ್ದರು. ಕೂಲಿ ಬಿಟ್ಟು ಅವರು ಯಾಕೆ ಬಂದಾರು? ನನಗೆ ಕೊಟ್ಟ ಮಾಸ್ಕ್ ಅಲ್ಮಾರಿ ಮೇಲೆ ಪ್ಯಾಕೆಟ್ ಸಮೇತ ಇತ್ತು.

ಈ ಸಲ ನಾನೇ ಕೈಗವಸು, ಕನ್ನಡಕ, ಮಾಸ್ಕ್ ತಂದುಕೊಟ್ಟೆ. ಮಾವ ಎರಡು ಟ್ಯಾಂಕ್ ಹಾಕಿಕೊಂಡರು. ಮೂರನೆಯದಕ್ಕೆ ನೋಡಿದರೆ ಮಾಸ್ಕ್ ಬೇವಿನ ಕೊಂಬೆಗೆ ನೇತಾಡುತ್ತಿತ್ತು. "ಉಸಿರು ಕಟ್ತದವ್ವಾ. ಹೋದ ಸಲ ಏನೋ ಗ್ರಾಚಾರ, ಆತು."

ನೀವು ಹೇಗೆ ಹೇಳುತ್ತೀರಿ? ಯಾರ ಕೈಲಿ ಹೇಳಿಸುತ್ತೀರಿ? ಎಣ್ಣೆ ಕಲಸುವ ಹೆಂಗಸರಿಗೆ, ಮರುದಿನ ಕಳೆ ತೆಗೆಯಲು ಬರುವವರಿಗೆ ಯಾರಾದರೂ ಏನಾದರೂ ಹೇಳುತ್ತೀರಾ? ದಯವಿಟ್ಟು "ಜಾಗೃತಿ ಮೂಡಿಸಬೇಕು" ಅಂತ ಮಾತ್ರ ಬರೆಯಬೇಡಿ. ಹೊಲದಲ್ಲಿ ನಿಂತು ನೀವು ಮಾಡಿದ್ದನ್ನು ಬರೆಯಿರಿ.


ಬೇವು_ಬೆಲ್ಲ (ಕುಷ್ಟಗಿ)

ಅಕ್ಕಾ, ಸಾವಯವಕ್ಕೆ ಬನ್ನಿ. ಮೂಲದಲ್ಲೇ ಸಮಸ್ಯೆ ಮುಗಿಯುತ್ತದೆ. ನಾನು ಮೂರು ವರ್ಷದಿಂದ ಬೇವಿನ ಕಷಾಯ, ಜೀವಾಮೃತ ಅಷ್ಟೇ.


ಎರೆಹೊಲದ ಅಕ್ಕ (ಸಿರವಾರ)

ಅಣ್ಣಾ, ನಿಮ್ಮದು ದಾಳಿಂಬೆ ಅಂತ ಬೇರೆ ಕಡೆ ಬರೆದಿದ್ದಿರಿ. ನನ್ನದು ಬಿಟಿ ಹತ್ತಿ, ಸಾಲ ತಂದು ಹಾಕಿದ್ದು. ಒಂದು ದಿನ ಬರುತ್ತೇನೆ. ಆದರೆ ಮುಂದಿನ ವಾರ ಪಂಪು ಹೊರುವುದು ಮಾವನೇ.


ಕ್ಯಾಂಪ್ ಸುತ್ತುವವ (ಗಂಗಾವತಿ)

ತಂಗೀ, "ಮೂವತ್ತೂ ಮಾಲೀಕರು" ಅನ್ನುವ ಮಾತು ಓದಿ ನನಗೇ ಕಪಾಳಕ್ಕೆ ಹೊಡೆದ ಹಾಗಾಯಿತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಕ್ಯಾಂಪುಗಳಲ್ಲಿ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರುಗಳು) ರೈತರ ಜೊತೆ ಕೆಲಸ ಮಾಡಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಇಂಥ ತರಬೇತಿ ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ಬ್ಯಾನರ್ ಕಟ್ಟುವುದು, ಉಪ್ಪಿಟ್ಟು ಕೊಡುವುದು, ಸಹಿ ತಗೊಳ್ಳುವುದು, ಫೋಟೋ ಹೊಡೆಯುವುದು. ಫೋಟೋದಲ್ಲಿ ಪಂಪು ಹೊರುವವನು ಒಬ್ಬನೂ ಇರುತ್ತಿರಲಿಲ್ಲ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತಾ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಆ ವರ್ಷ ಅಲ್ಲಿ ಗಿಡ ಆಳೆತ್ತರ ಬೆಳೆದಿದ್ದವು, ಎರಡು ಮೂರು ಎಣ್ಣೆ ಕೂಡಿಸಿ ಹೊಡೆದಿದ್ದರು ಅಂತ ಸುದ್ದಿಯಲ್ಲಿ ಬಂತು. ನಿಮ್ಮ ಹೊಲದ ಕಥೆಯೇ ಅಲ್ವಾ? ಆಮೇಲೆ ನಾನು ಬ್ಯಾನರ್ ಬಿಟ್ಟು ಒಂದು ಆಟ ಶುರು ಮಾಡಿದೆ. ಅದನ್ನು ಹೇಳುತ್ತೇನೆ, ಖರ್ಚು ಹತ್ತಿಪ್ಪತ್ತು ರೂಪಾಯಿ.

ಎಣ್ಣೆ ಕಾಣದ ಹೊಸ ಪಂಪು ಬೇಕು. ಹಳೇ ಪಂಪಿನಲ್ಲಿ ಈ ಆಟ ಬೇಡ, ಎಷ್ಟು ತೊಳೆದರೂ ಒಳಗೆ ಎಣ್ಣೆ ಉಳಿದಿರುತ್ತದೆ. ಅಂಗಡಿಯವರ ಹತ್ತಿರ ಅರ್ಧ ದಿನಕ್ಕೆ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಬರೀ ನೀರು, ಬಟ್ಟೆಗೆ ಹಾಕುವ ನೀಲಿ ಒಂದು ಬಾಟಲಿ. ಹೊಡೆಯುವವರಿಗೆ ಬಿಳಿ ಬನಿಯನ್ನು, ಬಿಳಿ ಪಂಚೆ. ಎರಡು ಸಾಲು ಹೊಡೆಯಲು ಹೇಳಿ. ನೀವು ಬಾಯಿ ಬಿಡಬೇಡಿ, ಸುಮ್ನೆ ನೋಡಿ. ಮುಗಿದ ಮೇಲೆ ಅವರನ್ನು ನಡುವೆ ನಿಲ್ಲಿಸಿ, ಉಳಿದವರು ಸುತ್ತ ನಿಂತು ನೀಲಿ ಎಲ್ಲೆಲ್ಲಿ ಹತ್ತಿದೆ ಅಂತ ಎಣಿಸಲಿ.

ಮುಖದ ಮೇಲೆ ಅಷ್ಟು ಇರುವುದಿಲ್ಲ. ತೊಡೆ ತುಂಬಾ ಇರುತ್ತದೆ, ಯಾಕೆಂದರೆ ಈಗಷ್ಟೇ ಹೊಡೆದ ಗಿಡದೊಳಗೇ ನಡೆದುಹೋಗುತ್ತಾರೆ. ಬೆನ್ನಿಗೆ ಇರುತ್ತದೆ. ಅಂಗೈಗೆ ಅಂತೂ ಕೇಳಬೇಡಿ. ಆಮೇಲೆ ಅವರೇ ಕಿಸೆಯಿಂದ ಗುಟ್ಕಾ ಚೀಟಿ ತೆಗೆಯುತ್ತಾರೆ, ಹಲ್ಲಲ್ಲಿ ಹರಿಯುತ್ತಾರೆ. ತುಟಿ ನೀಲಿ. ಅಲ್ಲಿಗೆ ನನ್ನ ಪಾಠ ಮುಗಿಯುತ್ತದೆ.

ಜನಕ್ಕೆ ಎಣ್ಣೆ ಮೂಗಿನಿಂದ ಹೋಗುತ್ತದೆ ಅಂತ ಗೊತ್ತು, ವಾಸನೆ ಬರುತ್ತದಲ್ಲ. ಹೊಡೆಯುವವರಿಗೆ ಜಾಸ್ತಿ ಹೋಗುವುದು ಚರ್ಮದಿಂದ. ಅಂಗೈ ಚರ್ಮ ದಪ್ಪ, ಹಣೆ, ಕಂಕುಳು, ತೊಡೆ ಸಂದು ತೆಳು. ಒದ್ದೆ ಲುಂಗಿ ನಾಲ್ಕು ತಾಸು ತೊಡೆಗೆ ಅಂಟಿಕೊಂಡರೆ ಅದು ಎಣ್ಣೆಯ ಪಟ್ಟಿ ಕಟ್ಟಿದ ಹಾಗೆ. ಹಾಗಾಗಿ ನನ್ನ ಕೇಳಿದರೆ ಮಾಸ್ಕಿಗಿಂತ ಮೊದಲು ಪ್ಲಾಸ್ಟಿಕ್ ಹಾಳೆ. ಗೊಬ್ಬರದ ಚೀಲದೊಳಗಿನ ಹಾಳೆ ಅಲ್ಲ, ಅಂಗಡಿಯಲ್ಲಿ ಸಿಗುವ ಶುದ್ಧ ಹಾಳೆ. ಸೊಂಟದಿಂದ ಮೊಣಕಾಲ ಕೆಳಗೆ ಬರುವ ಹಾಗೆ ಕಟ್ಟಿಕೊಳ್ಳಲಿ. ಗಾಳಿ ಬೆನ್ನ ಕಡೆಯಿಂದ ಇಲ್ಲವೇ ಪಕ್ಕದಿಂದ ಬರಲಿ, ಹೊಡೆದ ಸಾಲಿನೊಳಗೆ ಹೋಗದೆ ಹೊಡೆಯದ ಕಡೆಗೆ ಸರಿಯುತ್ತಾ ಹೋಗಲಿ. ಒದ್ದೆ ಟವೆಲ್ ಮುಖಕ್ಕೆ ಕಟ್ಟುವುದು ಬೇಡ, ಅದು ಎಣ್ಣೆ ಹಿಡಿದು ಬಾಯಿಗೇ ಒತ್ತಿ ಇಡುತ್ತದೆ.

ಇನ್ನು ಬಾಟಲಿ ಮೇಲಿನ ಬಣ್ಣ. ಚೌಕದೊಳಗೆ ಕೆಳಗಿನ ತ್ರಿಕೋನಕ್ಕೆ ಬಣ್ಣ ಇರುತ್ತದೆ. ಕೆಂಪು ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಇದನ್ನು ಒಂದು ಕ್ಯಾಂಪಿನಲ್ಲಿ ಹೇಳುವ ಮೊದಲು ಸುಮ್ನೆ ಕೇಳಿದೆ, ಹಳದಿ ಅಂದರೆ ಏನಿರಬಹುದು ಅಂತ. ಒಬ್ಬ ಅಜ್ಜಿ ತೆಲುಗಿನಲ್ಲಿ ಅಂದರು, "ಪಸುಪು ಕದಾ, ಮಂಚಿದೇ." ಅರಿಶಿನ ತಾನೇ, ಒಳ್ಳೆಯದೇ! ಹಸಿರು ಅಂದರೆ ಕುಡಿದರೂ ಏನಾಗಲ್ಲ ಅಂದ ಇನ್ನೊಬ್ಬ. ಅದೂ ವಿಷವೇ, ಉಳಿದವಕ್ಕಿಂತ ಕಡಿಮೆ ಅಷ್ಟೇ. ಬಣ್ಣ ಮಾತಾಡುತ್ತದೆ ಅಂತ ಅಂದುಕೊಂಡು ಕೂರಬಾರದು, ಏನು ಮಾತಾಡುತ್ತದೆ ಅಂತ ಒಂದು ಸಲ ಬಾಯಿಬಿಟ್ಟು ಹೇಳಲೇಬೇಕು.

ಹೇಳುವ ಜಾಗ ಗುಡಿ ಕಟ್ಟೆ ಅಲ್ಲ, ಹೊಲದ ಬದು. ಹೊತ್ತು ಬೆಳಿಗ್ಗೆ ಏಳು, ಪಂಪು ಹೊರುವ ಮೊದಲು. ಐದಾರು ಜನ ಸಾಕು. ಆ ಒಂದು ಗಂಟೆಗೂ ಕೂಲಿ ಲೆಕ್ಕ ಹಿಡಿಯಿರಿ, ಇದು ಮುಖ್ಯ. ನಿಮಗೆ ಜನ ಬೇಕಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ರಾಯಚೂರಿನಲ್ಲಿ, ನಮ್ಮ ಗಂಗಾವತಿಯಲ್ಲಿ, ಬಳ್ಳಾರಿಯವರಿಗೆ ಹಗರಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಕರೆಯುವಾಗ "ರೈತರಿಗೆ" ಅನ್ನಬೇಡಿ, "ಎಣ್ಣೆ ಹೊಡೆಯುವವರಿಗೆ" ಅಂತ ಹೇಳಿ ಕರೆಯಿರಿ.


ಪಂಪು ಹೊರುವವ (ಮಸ್ಕಿ)

ನಾನು ಹೊಡೆಯುವವನೇ. ಫೋನಿನಲ್ಲಿ ಮಾತಾಡಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗಂಗಾವತಿ ಸಾರ್ ಹೇಳಿದ್ದು ಸರಿ. ಆದರೆ ನಾವು ಯಾಕೆ ಮಾಸ್ಕ್ ಬಿಚ್ಚುತ್ತೇವೆ ಅಂತ ಯಾರೂ ಕೇಳಿಲ್ಲ. ನನಗೆ ಟ್ಯಾಂಕಿಗೆ 40 ರೂಪಾಯಿ. ಎಕರೆಗೆ 200 ಲೀಟರ್ ಹಿಡಿದರೆ 16 ಲೀಟರಿನ ಪಂಪು ಹನ್ನೆರಡು ಸಲಕ್ಕಿಂತ ಜಾಸ್ತಿ ತುಂಬಬೇಕು. ಅಕ್ಕನ ನಾಲ್ಕು ಎಕರೆಗೆ ಐವತ್ತು ಟ್ಯಾಂಕ್. ಮಾಸ್ಕ್ ಹಾಕಿಕೊಂಡರೆ ನಡಿಗೆ ನಿಧಾನ ಆಗುತ್ತದೆ, ನಿಂತು ನಿಂತು ಉಸಿರು ತಗೊಳ್ಳಬೇಕು. ದಿನಕ್ಕೆ ಐದು ಟ್ಯಾಂಕ್ ಕಡಿಮೆ ಆದರೆ ಆ ದುಡ್ಡು ಮಾಲೀಕರದ್ದಲ್ಲ, ನನ್ನದು. ಹಾಗಾಗಿ ಮಧ್ಯಾಹ್ನವೂ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಸಂಜೆ ಇನ್ನೊಬ್ಬರ ಹೊಲ ತಪ್ಪುತ್ತದೆ.

ನೀವು ಮಾಸ್ಕ್ ಕೊಡುವ ಬದಲು ದಿನಗೂಲಿ ಮಾತಾಡಿ. ಬೆಳಿಗ್ಗೆ ಆರರಿಂದ ಹತ್ತು, ಬಿಸಿಲು ಇಳಿದ ಮೇಲೆ ಎರಡು ತಾಸು. ಅಷ್ಟಕ್ಕೆ ಪೂರ್ತಿ ಕೂಲಿ ಅನ್ನಿ. ಮಾಸ್ಕ್ ತಾನಾಗೇ ಮುಖದ ಮೇಲೆ ಇರುತ್ತದೆ.

ಇನ್ನೊಂದು. ಒಬ್ಬೊಬ್ಬ ಮಾಲೀಕರೂ "ನಮ್ಮಲ್ಲಿ ಒಂದೇ ದಿನದ ಕೆಲಸ, ಏನಾಗ್ತದ" ಅನ್ನುತ್ತಾರೆ. ಅವರಿಗೆ ಒಂದು ದಿನ. ನನಗೆ ಸೋಮವಾರ ಒಬ್ಬರದು, ಮಂಗಳವಾರ ಇನ್ನೊಬ್ಬರದು, ಶನಿವಾರದವರೆಗೂ ಎಣ್ಣೆಯೇ. ಆಗಸ್ಟಿನಿಂದ ನವೆಂಬರ್ ತನಕ ಹೀಗೇ. ರಾತ್ರಿ ತಲೆ ನೋಯುತ್ತದೆ, ಕಣ್ಣು ಮಂಜು ಮಂಜು. ಬೆಳಿಗ್ಗೆ ಸರಿ ಆಗುತ್ತದೆ ಅಂತ ಹೋಗುತ್ತೇನೆ. ಈ ಲೆಕ್ಕ ಯಾವ ಮಾಲೀಕರ ಪುಸ್ತಕದಲ್ಲೂ ಇಲ್ಲ.

ಗದ್ದೆಗೆ ಬೂಟು ಹಾಕಿ ಅನ್ನುತ್ತಾರೆ. ಕೆಸರಿನಲ್ಲಿ ಬೂಟು ಒಳಗೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಅದನ್ನು ಹೇಳಿದವರು ಗದ್ದೆಗೆ ಇಳಿದಿಲ್ಲ.


ಎರೆಹೊಲದ ಅಕ್ಕ (ಸಿರವಾರ)

ತಮ್ಮಾ, ನಾನೂ ಟ್ಯಾಂಕ್ ಲೆಕ್ಕವೇ ಕೊಡುತ್ತಿದ್ದೆ. ಅದೇ ನ್ಯಾಯ ಅಂದುಕೊಂಡಿದ್ದೆ, ಎಷ್ಟು ಕೆಲಸ ಅಷ್ಟು ದುಡ್ಡು ಅಂತ. ನಿಮ್ಮ ಮಾತು ಓದಿದ ಮೇಲೆ ಇಪ್ಪತ್ತೊಂದನೇ ಟ್ಯಾಂಕು ಮಧ್ಯಾಹ್ನ ಒಂದಕ್ಕೆ ಯಾಕೆ ನಡೆದಿತ್ತು ಅಂತ ಗೊತ್ತಾಯಿತು.


ಪಿಎಚ್‌ಸಿ ಸಿಸ್ಟರ್ (ಸಿರುಗುಪ್ಪ)

ಮಸ್ಕಿ ಅಣ್ಣಾ, ನೀವು ಬರೆದ ತಲೆನೋವು, ಮಂಜು ಕಣ್ಣು ಸಣ್ಣ ವಿಷಯ ಅಲ್ಲ. ಅದಕ್ಕೇ ಬರೆಯಲು ಕೂತೆ.

ಹತ್ತಿಗೆ, ನಮ್ಮ ಕಡೆ ಮೆಣಸಿನಕಾಯಿಗೆ ಹೊಡೆಯುವ ಎಷ್ಟೋ ಎಣ್ಣೆ ಆರ್ಗನೊಫಾಸ್ಫೇಟ್ ಜಾತಿಯವು. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಅಂತ ಬಾಟಲಿ ಮೇಲೆ ಇರುತ್ತದೆ. ನಮ್ಮ ಮೈಯಲ್ಲಿ ನರದ ಸಂದೇಶ ಮುಗಿದ ಮೇಲೆ ಅದನ್ನು ನಿಲ್ಲಿಸುವ ಒಂದು ಕಿಣ್ವ ಇದೆ, ಕೋಲಿನೆಸ್ಟರೇಸ್. ಇವು ಅದನ್ನು ಕಟ್ಟಿಹಾಕುತ್ತವೆ. ನಲ್ಲಿ ತಿರುಗಿಸಿ ಬಂದ್ ಮಾಡಲು ಆಗದ ಹಾಗೆ. ಬೆವರು, ಜೊಲ್ಲು, ಕಣ್ಣೀರು, ಸಿಂಬಳ, ಭೇದಿ ಎಲ್ಲಾ ಹರಿಯುತ್ತದೆ. ಆ ಕಿಣ್ವ ಮತ್ತೆ ಪೂರ್ತಿ ತುಂಬಲು ವಾರಗಳು ಬೇಕು. ಸೋಮವಾರದ್ದು ಸರಿಹೋಗುವ ಮೊದಲೇ ಮಂಗಳವಾರದ್ದು ಸೇರುತ್ತದೆ. ಹೀಗೆ ಸೇರಿ ಸೇರಿ, ಕೊನೆಗೆ ಒಂದು ದಿನ ಸ್ವಲ್ಪವೇ ಮೈಗೆ ಹತ್ತಿದರೂ ಬಿದ್ದುಬಿಡುತ್ತಾರೆ. ಮನೆಯವರು "ಇವತ್ತು ನಾಲ್ಕೇ ಟ್ಯಾಂಕ್ ಹೊಡೆದದ್ದು ಸಿಸ್ಟರ್" ಅಂತ ಆಣೆ ಮಾಡುತ್ತಾರೆ. ನಿಜವೇ. ಹಿಂದಿನ ಮೂರು ವಾರ ಯಾರೂ ಹೇಳುವುದಿಲ್ಲ. ಅಣ್ಣಾ, ಒಮ್ಮೆ ದೊಡ್ಡ ಆಸ್ಪತ್ರೆಗೆ ಹೋಗಿ ಕೋಲಿನೆಸ್ಟರೇಸ್ ರಕ್ತ ಪರೀಕ್ಷೆ ಕೇಳಿ ಮಾಡಿಸಿ. ಅಲ್ಲಿಯವರೆಗೆ ಪಂಪು ಇಳಿಸಿ, ಕಳೆಗೋ ನೀರು ಕಟ್ಟಲೋ ಹೋಗಿ.

ಬಿಸಿಲು ಬಡಿದದ್ದೋ ಎಣ್ಣೆ ಏರಿದ್ದೋ ಅಂತ ಹೊಲದಲ್ಲಿ ತಿಳಿಯುವುದು ಕಷ್ಟ. ಎರಡಕ್ಕೂ ತಲೆ ಸುತ್ತು, ವಾಂತಿ ಇದೆ. ನಾನು ಹೆಂಗಸರಿಗೆ ಹೀಗೆ ಹೇಳಿಕೊಡುತ್ತೇನೆ: ಬಿಸಿಲಿಗೆ ಬಾಯಿ ಒಣಗುತ್ತದೆ, ಎಣ್ಣೆಗೆ ಬಾಯಿ ಸೋರುತ್ತದೆ. ಆಮೇಲೆ ಕಣ್ಣಿನ ಪಾಪೆ ನೋಡಿ. ಸಾಸಿವೆ ಕಾಳಿನಷ್ಟು ಚಿಕ್ಕದಾಗಿದ್ದರೆ ಎಣ್ಣೆಯೇ. ರೆಪ್ಪೆ, ತೋಳು ಅದುರುತ್ತಿದ್ದರೆ ಇನ್ನು ಕೂರಬೇಡಿ. ಅನುಮಾನ ಇದ್ದರೂ ಎಣ್ಣೆ ಅಂತಲೇ ತಿಳಿದು ಹೊರಡಿ.

ಮಜ್ಜಿಗೆ, ಹುಣಸೆ ನೀರು, ಉಪ್ಪು ನೀರು ಯಾವುದೂ ಬೇಡ. ವಾಂತಿ ಮಾಡಿಸಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೊಂದು ಕಷ್ಟ. ಮೊದಲು ಅಂಗಿ ಲುಂಗಿ ಬಿಚ್ಚಿ. ಮರ್ಯಾದೆ ಅಂತ ಹಿಂದೆ ಮುಂದೆ ನೋಡುತ್ತಾರೆ, ಅಷ್ಟು ಹೊತ್ತೂ ಎಣ್ಣೆ ಒಳಗೆ ಹೋಗುತ್ತಿರುತ್ತದೆ. ಸೋಪು ಹಚ್ಚಿ ಮೈ, ಕೂದಲು, ಉಗುರು ಸಂದಿ ತೊಳೆಯಿರಿ. ತೊಳೆಯುವವರ ಕೈಗೂ ಗವಸು ಇರಲಿ. ತೊಳೆಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎಚ್ಚರ ತಪ್ಪಿದ್ದರೆ ಎಡಕ್ಕೆ ಮಗ್ಗುಲಾಗಿ ಮಲಗಿಸಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬಂದದ್ದು ಬೇರೆ ದಾರಿ ಇಲ್ಲದೆ, ಅದು ಅರ್ಥವಾಗುತ್ತದೆ. ಆದರೆ ತಲೆ ಹಿಂದಕ್ಕೆ ವಾಲಿ ವಾಂತಿ ಗಂಟಲಲ್ಲಿ ನಿಂತರೆ ಕಷ್ಟ.

ಬಾಟಲಿ ಜೊತೆಗೇ ತನ್ನಿ. "ಹುಳದ ಎಣ್ಣೆ" ಅಂದಿದ್ದಕ್ಕೆ ನಾಚಿಕೆ ಬೇಡ ಅಕ್ಕಾ, ಹತ್ತರಲ್ಲಿ ಎಂಟು ಜನ ಹಾಗೇ ಅನ್ನುತ್ತಾರೆ. ಯಾಕೆ ಕೇಳುತ್ತೇವೆ ಅಂದರೆ ಮದ್ದು ಬೇರೆ ಬೇರೆ. ಆರ್ಗನೊಫಾಸ್ಫೇಟಿಗೆ ಅಟ್ರೊಪಿನ್ ಇದೆ, ಜೊತೆಗೆ ಪ್ರಾಲಿಡಾಕ್ಸಿಮ್ ಕೊಡುತ್ತಾರೆ. ಕಳೆಗೆ ಹೊಡೆಯುವ ಪ್ಯಾರಾಕ್ವಾಟಿಗೆ ಅಂಥ ಮದ್ದೇ ಇಲ್ಲ. ಬಾಟಲಿ ತಂದ ದಿನವೇ ಮೊಬೈಲಿನಲ್ಲಿ ಚೀಟಿಯ ಫೋಟೋ ತೆಗೆದಿಡಿ, ಹೊಡೆಯುವವರ ಫೋನಿಗೂ ಕಳಿಸಿ. ದೆಹಲಿಯ ಏಮ್ಸ್‌ನಲ್ಲಿ ವಿಷ ಮಾಹಿತಿ ಕೇಂದ್ರ ಇದೆ, 1800 116 117, ದಿನದ 24 ಗಂಟೆಯೂ ಇರುತ್ತದೆ. ಫೋಟೋ ಕೈಲಿದ್ದರೆ ಡಾಕ್ಟರ್ ಅಲ್ಲಿಗೂ ಮಾತಾಡಬಹುದು.

ಒಂದು ಬೇಡಿಕೆ. ವಾಂತಿ ನಿಂತಿತು, ಎದ್ದು ಕೂತರು ಅಂತ ಅದೇ ರಾತ್ರಿ ಹಟ ಮಾಡಿ ಬಿಡಿಸಿಕೊಂಡು ಹೋಗುತ್ತಾರೆ. ಮನೆಯಲ್ಲಿ ಎಮ್ಮೆ ಇದೆ, ನಾಳೆ ಕೂಲಿ ಇದೆ. ಈ ಎಣ್ಣೆಯಲ್ಲಿ ಒಂದರಿಂದ ನಾಲ್ಕು ದಿನದೊಳಗೆ ಕುತ್ತಿಗೆ ಎತ್ತಲಾಗದೆ, ಉಸಿರಾಟದ ಸ್ನಾಯು ಸೋತು ಮತ್ತೆ ಬೀಳುವುದುಂಟು. ನಿಮ್ಮ ಮಾವನವರನ್ನು ನಾಲ್ಕು ದಿನ ಇಟ್ಟುಕೊಂಡದ್ದು ಸುಮ್ನೆ ಅಲ್ಲ.

ಮರುದಿನ ಬರುವ ಹೆಂಗಸರ ಬಗ್ಗೆ ಕೇಳಿದಿರಲ್ಲ, ಬಹಳ ಒಳ್ಳೆಯದು ಮಾಡಿದಿರಿ. ನಮ್ಮ ಕಡೆ ಮೆಣಸಿನಕಾಯಿ ಬಿಡಿಸುವವರು ಬೆಳಗಿನ ಇಬ್ಬನಿಯಲ್ಲೇ ಸಾಲಿಗೆ ಇಳಿಯುತ್ತಾರೆ. ನಿನ್ನೆ ಹೊಡೆದದ್ದು ಇಬ್ಬನಿ ಜೊತೆ ಮೊಣಕೈ ತನಕ. ಅವರಲ್ಲಿ ಬಸುರಿಯರು, ಕಂಕುಳಲ್ಲಿ ಕೂಸು ಇರುವವರೂ ಇರುತ್ತಾರೆ. ಹೊಡೆದ ದಿನ, ಅದರ ಮಾರನೇ ದಿನ ಯಾರನ್ನೂ ಇಳಿಸಬೇಡಿ. ಚೀಟಿಯಲ್ಲಿ ಇನ್ನೂ ಜಾಸ್ತಿ ದಿನ ಬರೆದಿದ್ದರೆ ಅದೇ ಲೆಕ್ಕ. ಎಣ್ಣೆ ಹೊಡೆದ ಬಟ್ಟೆ ಮನೆಯ ಬಟ್ಟೆ ಜೊತೆ ನೆನೆಹಾಕುವುದೂ ಬೇಡ. ಹೆಂಡತಿ ಅದನ್ನು ಬರಿಗೈಯಲ್ಲಿ ತಿಕ್ಕಿ ಒಗೆಯುತ್ತಾಳೆ. ಪಂಪು ಹೊರದೆಯೂ ಎಣ್ಣೆ ಮೈಗೆ ಹತ್ತಿಸಿಕೊಳ್ಳುವವಳು ಅವಳು.


ಗೊಬ್ಬರದಂಗಡಿ (ಸಿಂಧನೂರು)

ಎಲ್ಲರೂ ಅಂಗಡಿಯವರ ಮೇಲೆ ಹಾಕುತ್ತೀರಿ, ಸರಿ. "ಎರಡೂ ಕೂಡಿಸಿ ಹೊಡೀರಿ" ಅಂತ ನಾನೂ ಅಂದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಗಿರಾಕಿ ಎರಡು ಸಲ ಕೂಲಿ ಕೊಡಲು ಒಪ್ಪುವುದಿಲ್ಲ. ಡೀಲರುಗಳಿಗೆ ಒಂದು ವರ್ಷದ ಡಿಪ್ಲೊಮಾ ಇದೆ, ದೇಸಿ ಅಂತಾರೆ. ಅದರಲ್ಲಿ ನಾನೂ ಕೂತೆ. ಆಮೇಲೆ ಚೀಟಿಯಲ್ಲಿ ಹೇಳದ ಎರಡು ಎಣ್ಣೆ ಕೂಡಿಸಲು ಹೇಳುವುದು ಬಿಟ್ಟಿದ್ದೇನೆ. ವ್ಯಾಪಾರ ಸ್ವಲ್ಪ ಪಕ್ಕದವರಿಗೆ ಹೋಯಿತು.

ಒಂದು ವಿಷಯ. ಬಾಟಲಿ ಡಬ್ಬದೊಳಗೆ ಮಡಿಸಿದ ಕಾಗದ ಇರುತ್ತದೆ, ಕನ್ನಡದಲ್ಲೂ ಇರುತ್ತದೆ. ಅದನ್ನು ಕೇಳಿ ತಗೊಳ್ಳಿ. ಅಕ್ಷರ ಇರುವೆ ಕಾಲಿನಷ್ಟು, ನಿಜ. ಫೋನಿನಲ್ಲಿ ದೊಡ್ಡದು ಮಾಡಿ ಓದಿ. ಬಿಲ್ ತಗೊಳ್ಳಿ. ಬಿಲ್ ಬೇಡ ಅಂದವರಿಗೆ ಕೆಲವರು ನಿಂತುಹೋದ ಮಾಲು ದಾಟಿಸುತ್ತಾರೆ. ಫೋರೇಟ್, ಟ್ರೈಯಝೊಫಾಸ್ 2020ರ ಕೊನೆಗೆ ಬಂದ್ ಆದವು. ಮೊನೊಕ್ರೊಟೊಫಾಸ್ 36 ಎಸ್‌ಎಲ್ ನಿಲ್ಲಿಸಲು 2023ರಲ್ಲಿ ಆದೇಶ ಬಂತು. ಹೆಸರು ಕೇಳಿ "ಅದೇ ಹಳೇ ಎಣ್ಣೆ ಕೊಡು, ಪವರ್ ಇದೆ" ಅನ್ನುವ ಗಿರಾಕಿ ಇವತ್ತೂ ಬರುತ್ತಾರೆ.

1971ರ ಕೀಟನಾಶಕ ನಿಯಮಗಳಲ್ಲಿ ರಕ್ಷಣೆಯ ಬಟ್ಟೆ, ಪ್ರಥಮ ಚಿಕಿತ್ಸೆ, ಕೆಲಸಗಾರರ ತರಬೇತಿ ಎಲ್ಲಾ ಬರೆದಿದೆ. ಕಂಪನಿ ಟೋಪಿ ಕೊಟ್ಟು ಹೋಗುವುದು ಅದಕ್ಕೇ ಇರಬೇಕು, ಬಿಡಿ.

ಡ್ರೋನ್ ಬಂದರೆ ಎಲ್ಲಾ ಸರಿ ಅನ್ನುವವರಿಗೆ: ಡ್ರೋನಿಗೂ ಎಣ್ಣೆ ಕಲಸಿ ತುಂಬುವುದು ಕೈಯೇ, ಅದೂ ನೀರು ಕಡಿಮೆ, ಎಣ್ಣೆ ಗಟ್ಟಿ.


ಎರೆಹೊಲದ ಅಕ್ಕ (ಸಿರವಾರ)

ಹದಿನೈದು ದಿನ ಆಯಿತು, ಏನು ಮಾಡಿದೆ ಅಂತ ಹೇಳುತ್ತೇನೆ.

ನೀಲಿ ಆಟ ಆಡಿದೆವು. ಅಂಗಡಿಯವರು ಹೊಸ ಪಂಪು ಕೊಡಲಿಲ್ಲ, ತಂಗಿಯ ಗಂಡ ಕೊಂಡು ಇನ್ನೂ ಬಳಸದ್ದನ್ನು ತಂದೆ. ಭಾನುವಾರ ಬೆಳಿಗ್ಗೆ ಏಳಕ್ಕೆ, ಬದುವಿನ ಮೇಲೆ. ಮಾವ, ಇನ್ನೂ ಮೂವರು ಹೊಡೆಯುವವರು, ಅತ್ತೆ, ಕಳೆ ತೆಗೆಯುವ ಗುಂಪಿನ ಐದು ಜನ. ಒಂದು ಗಂಟೆಯ ಕೂಲಿ ಅಂತ ಮೊದಲೇ ಹೇಳಿದ್ದೆ. ಮಾವ ನನ್ನ ಮನೆಯವರ ಬಿಳಿ ಬನಿಯನ್ನು ಹಾಕಿಕೊಂಡು ಮದುಮಗನ ಹಾಗೆ ನಾಚಿಕೊಂಡರು. ಎರಡು ಸಾಲು ಹೊಡೆದು ಬಂದರು.

ತೊಡೆ ಪೂರ್ತಿ ನೀಲಿ. ಬೆನ್ನಿಗೆ ಏನಿರಲಿಲ್ಲ, ಹೊಸ ವಾಷರ್ ತಾನೇ. ಅದನ್ನು ನೋಡಿ ನಾನು ಮುಖ ಆ ಕಡೆ ಮಾಡಿದೆ. ಗುಟ್ಕಾ ಕಥೆ ನಡೆಯಲಿಲ್ಲ, ಮಾವ ಆಸ್ಪತ್ರೆಯಿಂದ ಬಂದ ಮೇಲೆ ಬಿಟ್ಟಿದ್ದಾರೆ. ಆದರೆ ನಾಝಲ್ ಕಟ್ಟಿಕೊಂಡಾಗ ಅಭ್ಯಾಸಬಲದಿಂದ ಬಾಯಿಗಿಟ್ಟು ಊದಿದರು. ಮೀಸೆ ನೀಲಿಯಾಯಿತು. ಹೆಂಗಸರು ನಕ್ಕಿದ್ದೇ ನಕ್ಕಿದ್ದು. ಮಾವ ಟವೆಲಿನಿಂದ ಮೀಸೆ ಒರೆಸಿಕೊಂಡರು, ಟವೆಲ್ ನೋಡಿದರು, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಈಗ ಪಂಪಿನ ಬೆಲ್ಟಿಗೆ ಹಳೇ ಹಲ್ಲುಜ್ಜುವ ಬ್ರಷ್ ಒಂದನ್ನು ದಾರದಲ್ಲಿ ಕಟ್ಟಿಕೊಂಡಿದ್ದಾರೆ, ನಾಝಲಿಗೆ ಅಂತ.

ನನಗೆ ಮಾತ್ರ ಹೊಟ್ಟೆ ಹಿಂಡಿದ್ದು ಅತ್ತೆಯ ಕೈ ನೋಡಿ. ಅವರು ಪಂಪು ಹೊತ್ತಿರಲಿಲ್ಲ, ಕಲಸಿ ತುಂಬಿಸಿದ್ದಷ್ಟೇ. ಮೊಣಕೈ ತನಕ ಕಡುನೀಲಿ, ಎಲ್ಲರಿಗಿಂತ ಗಾಢ. ಸೀರೆ ಸೆರಗಿಗೆ ಒರೆಸಿಕೊಂಡಿದ್ದರು, ಅದೇ ಸೆರಗಿನಿಂದ ಮುಖದ ಬೆವರು ಒರೆಸಿದ್ದರು. ಕೆನ್ನೆ ಮೇಲೆ ಒಂದು ಪಟ್ಟೆ. ಮಾವ ಅದನ್ನು ನೋಡಿ "ನಿನಗ ನನಗಿಂತ ಜಾಸ್ತಿ ಬಿದ್ದದಲ್ಲೇ" ಅಂದರು. ಈಗ ಕೊಡದಲ್ಲಿ ಕೈ ಹಾಕುವುದಿಲ್ಲ. ಬಕೆಟ್ಟು, ಉದ್ದ ಕೋಲು, ಅಳತೆಗೆ ಗೆರೆ ಇರುವ ಲೋಟ. ಮೂರಕ್ಕೂ ಕೆಂಪು ಬಣ್ಣ ಬಳಿದು ಹೊಲದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದೇನೆ, ಅಡುಗೆಮನೆಗೆ ಬರಬಾರದು ಅಂತ.

ಟ್ಯಾಂಕ್ ಲೆಕ್ಕ ಬಿಟ್ಟೆ. ಮಸ್ಕಿ ತಮ್ಮ ಹೇಳಿದ ಹಾಗೆ ದಿನಗೂಲಿ, ಹತ್ತಕ್ಕೆ ಬಂದ್. ನಾಲ್ಕು ಎಕರೆಗೆ ಮೂರು ದಿನ ಹಿಡಿಯಿತು, ಖರ್ಚು ಜಾಸ್ತಿಯೇ ಆಯಿತು. ಎಷ್ಟು ಅಂತ ಮನೆಯವರಿಗೆ ಇನ್ನೂ ಹೇಳಿಲ್ಲ.

ಹೊಡೆದ ಹೊಲಕ್ಕೆ ಗುರುತು ಇಡುವುದು ಹೇಗೆ ಅಂತ ಕೇಳಿದೆ. ಬೋರ್ಡ್ ಬರೆಸೋಣ ಅಂದೆ. ಕಳೆ ಗುಂಪಿನ ಹಿರಿಯಾಕೆ "ಓದಾಕ ಬರ್ತದೇನು ನಮಗ? ಬೇವಿನ ತಪ್ಪಲ ಕಟ್ಟು ಸಾಕು" ಅಂದಳು. ಮನೆಯಲ್ಲಿ ಯಾರಿಗಾದರೂ ಅಮ್ಮ (ಚಿಕನ್‌ಪಾಕ್ಸ್) ಬಂದಾಗ ಬಾಗಿಲಿಗೆ ಬೇವು ಕಟ್ಟುತ್ತೇವಲ್ಲ, ಹಾಗೆ. ಒಳಗೆ ಬರಬೇಡಿ ಅಂತ ಅದನ್ನು ಯಾರಿಗೂ ಓದಿ ಹೇಳಬೇಕಿಲ್ಲ. ಈಗ ಹೊಲದ ದಾರಿಗೆ ಕೋಲು ನೆಟ್ಟು ಬೇವು ಕಟ್ಟುತ್ತೇನೆ, ಎರಡು ದಿನಕ್ಕೆ ತೆಗೆಯುತ್ತೇನೆ. ಪಕ್ಕದ ಹೊಲದವರು ಕುರಿ ಬಿಡುವ ಮುಂಚೆ ಕೇಳುತ್ತಾರೆ, ಬೇವು ಇದೆಯಾ ಅಂತ.

ಮಾಸ್ಕ್ ಇನ್ನೂ ಆಗಾಗ ಕೊಂಬೆಗೆ ಹೋಗುತ್ತದೆ.

ಒಂದು ತೊಂದರೆ ಉಳಿದಿದೆ. ಅತ್ತೆಯ ಕೈ ಬಹಳ ಚಿಕ್ಕದು. ಇಲ್ಲಿ ಸಿಗುವ ಕೈಗವಸು ಎಲ್ಲಾ ಗಂಡಸರ ಸೈಜು, ಬೆರಳ ತುದಿ ಜೋತುಬಿದ್ದು ಮುಚ್ಚಳ ಹಿಡಿಯಲು ಆಗುವುದಿಲ್ಲ. ಜಾರಿ ಅರ್ಧ ಬಾಟಲಿ ಚೆಲ್ಲಿತು. ಚಿಕ್ಕದು ಎಲ್ಲಿ ಸಿಗುತ್ತದೆ?


ಪಿಎಚ್‌ಸಿ ಸಿಸ್ಟರ್ (ಸಿರುಗುಪ್ಪ)

ನಾವು ಆಸ್ಪತ್ರೆಯಲ್ಲಿ ಹಾಕುವ ತೆಳು ಲ್ಯಾಟೆಕ್ಸ್ ತರಬೇಡಿ, ಎಣ್ಣೆ ಅದರಲ್ಲಿ ಇಳಿಯುತ್ತದೆ. ಬಟ್ಟೆಯದಂತೂ ಬೇಡವೇ ಬೇಡ, ಹೀರಿಕೊಂಡು ಕೂರುತ್ತದೆ. ನೈಟ್ರೈಲ್ ಅಂತ ಕೇಳಿ, ದಪ್ಪದ್ದು, ಮೊಣಕೈ ಹತ್ತಿರ ಬರುವಷ್ಟು ಉದ್ದದ್ದು. ಸೈಜ್ 7 ಹೆಂಗಸರಿಗೆ ಸರಿಯಾಗುತ್ತದೆ. ಬಿಚ್ಚುವ ಮೊದಲು ಗವಸು ಹಾಕಿಕೊಂಡೇ ಸೋಪಿನಲ್ಲಿ ತೊಳೆಯಲು ಹೇಳಿ.


ಗೊಬ್ಬರದಂಗಡಿ (ಸಿಂಧನೂರು)

ನನ್ನ ಹತ್ತಿರ 9, 10 ಮಾತ್ರ ಇವೆ ಅಕ್ಕಾ. 7 ಯಾರೂ ಇಲ್ಲಿಯವರೆಗೆ ಕೇಳಿರಲಿಲ್ಲ. ಒಂದು ಡಜನ್ ತರಿಸುತ್ತೇನೆ, ಬುಧವಾರದ ಮೇಲೆ ಬನ್ನಿ.